ಮನುಷ್ಯ ಕೂತು ನಡೆಸುವ ದೈತ್ಯ ಯುದ್ಧ ರೋಬೋಟನ್ನು ಕಥೆಗಾಗಿ ಹೇಗೆ ರೂಪಿಸಲಿ?

17 ಮೀಟರ್ ಎತ್ತರದ ರೋಬೋಟು, ಒಳಗೊಬ್ಬ ಪೈಲಟ್, ಅವನಿಗೆ ಬೇಕಾದಂತೆ ಕೈ, ಆಯುಧ ಬದಲಿಸಿಕೊಳ್ಳಬೇಕು, ಓದುಗರು ನಂಬಲೂ ಬೇಕು ಅಂತ ಕೇಳಿದ್ದೀರಿ. ನಾನು ಕಥೆಗಾರ ಅಲ್ಲ, ಸಂಡೂರಿನ ಅದಿರು ಗಣಿಯಲ್ಲಿ ಹಿಟಾಚಿ ರಿಪೇರಿ ಮಾಡುವವನು. (ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದಾದರೂ ನಮ್ಮ ಕಡೆ ಅದು ಹಿಟಾಚಿನೇ.) ಆದರೆ ಮನುಷ್ಯ ಒಳಗೆ ಕೂತು ಕೈ ಆಡಿಸುವ ಯಂತ್ರವೇ ನನಗೆ ಅನ್ನ ಹಾಕುತ್ತಿರುವುದು.

ಆಯುಧ ಆಮೇಲೆ. ಮೊದಲು ಪಾದ ನೋಡಿ. 1.7 ಮೀಟರಿನ, 68 ಕಿಲೋ ಮನುಷ್ಯನನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ತೂಕ ಸಾವಿರ ಪಟ್ಟಾಗಿ 68 ಟನ್ ಆಗುತ್ತದೆ, ಪಾದದ ವಿಸ್ತೀರ್ಣ ಮಾತ್ರ ನೂರು ಪಟ್ಟು. ಮನುಷ್ಯನ ಎರಡು ಪಾದ ಸೇರಿ 400 ಚದರ ಸೆಂ.ಮೀ. ಅಂತ ಹಿಡಿಯಿರಿ. ರೋಬೋಟು ಸುಮ್ಮನೆ ನಿಂತರೇ ಒಂದು ಚದರ ಸೆಂ.ಮೀ. ಮೇಲೆ 1.7 ಕಿಲೋ ಬೀಳುತ್ತದೆ, ಒಂದು ಕಾಲು ಎತ್ತಿದರೆ 3.4. ಚೈನಿನ ಮೇಲೆ ಓಡಾಡುವ 20 ಟನ್ ಹಿಟಾಚಿಯದು ಹೆಚ್ಚುಕಡಿಮೆ ಅರ್ಧ ಕಿಲೋ. ಅದೂ ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿದರೆ ಹೂತುಕೊಳ್ಳುತ್ತದೆ! ಸಿರುಗುಪ್ಪದವರು ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಇಳಿಸುವಾಗ ಕಬ್ಬಿಣದ ಕೇಜ್ ವೀಲ್ ಹಾಕುವುದು ಇದಕ್ಕೇ. ಹಾಗಾಗಿ ನಿಮ್ಮ ಪೈಲಟ್ ಮೊದಲು ಬದಲಿಸಬೇಕಾದ್ದು ಪಾದ. ಎರೆಗೆ ಅಗಲವಾದದ್ದು, ಕಲ್ಲುಗುಡ್ಡಕ್ಕೆ ಮುಳ್ಳಿನದು.

ಇನ್ನು ಕೈ. ಬಕೆಟ್ ಬಿಚ್ಚಿ ಬಂಡೆ ಒಡೆಯುವ ಬ್ರೇಕರ್ ಕಟ್ಟುವುದನ್ನು ಒಮ್ಮೆ ನೋಡಬೇಕು ನೀವು. ಎರಡೇ ಪಿನ್. ಕೆಂಪು ಧೂಳು, ಹಳೇ ಗ್ರೀಸು ಸೇರಿ ಗಟ್ಟಿಯಾಗಿ ಸುತ್ತಿಗೆ ಏಟಿಗೂ ಜಗ್ಗುವುದಿಲ್ಲ. ಆಮೇಲೆ ಹೊಸದರ ತೂತಿಗೆ ತೂತು ಕೂಡಿಸಬೇಕು. ಹೆಲ್ಪರ್ ಹುಡುಗ ಒಂದು ಕಣ್ಣು ಮುಚ್ಚಿ ತೂತಿನಲ್ಲಿ ಇಣುಕುತ್ತಾ, "ಇನ್ನೊಂದ್ ಚೂರು ಮ್ಯಾಲೆ ಅಣ್ಣಾ... ಸಾಕ್ ಸಾಕ್, ನಿಲ್ಸು" ಅಂತಾನೆ. ಬ್ರೇಕರ್‌ಗೆ ಬೇರೆ ಆಯಿಲ್ ಪೈಪ್ ಬೇಕು, ಆ ಲೈನ್ ಇಲ್ಲದ ಗಾಡಿಗೆ ಅದು ಕೂರುವುದೇ ಇಲ್ಲ. ಒಂದು ಸಲ ಪ್ರೆಶರ್ ಇಳಿಸದೆ ಪೈಪ್ ಬಿಚ್ಚಿದೆ. ಬಿಸಿ ಆಯಿಲ್ ಮೊಣಕೈಗೆ ಚಿಮ್ಮಿತು, ಕಲೆ ಇನ್ನೂ ಇದೆ. ತಪ್ಪು ನನ್ನದೇ.

ಆದ್ದರಿಂದ ಭುಜದ ಕೀಲನ್ನು ಮೊದಲೇ ತೀರ್ಮಾನಿಸಿ: ಪಿನ್ ಎಷ್ಟು ದಪ್ಪ, ಎಷ್ಟು ಪೈಪು, ಎಷ್ಟು ತೂಕ ತಡೆಯುತ್ತದೆ. ಶತ್ರುವಿನ ಕೈ ಕಿತ್ತು ತಂದರೂ ಪಿನ್ ಅಳತೆ ಬೇರೆಯಾದರೆ ಅದು ಗುಜರಿಯೇ. ನನ್ನ ಪ್ರಕಾರ ಕಥೆ ಇರುವುದು ಇಲ್ಲಿ, ಲೇಸರ್‌ನಲ್ಲಿ ಅಲ್ಲ.

ಬಲದ ಚಿಂತೆ ಬೇಡ. 350 ಬಾರ್ ಆಯಿಲ್ ಒತ್ತಡದಲ್ಲಿ 12 ಸೆಂ.ಮೀ. ವ್ಯಾಸದ ಸಿಲಿಂಡರ್ ಸುಮಾರು 40 ಟನ್ ನೂಕುತ್ತದೆ. ಆದರೆ ಪಂಪು ನಿಮಿಷಕ್ಕೆ ಕೊಡುವ ಆಯಿಲ್ ಅಷ್ಟೇ ಇರುವುದರಿಂದ ಸಿಲಿಂಡರ್ ದಪ್ಪವಾದಷ್ಟೂ ಕೈ ನಿಧಾನ. ಭಾರದ ಕೈ ಕಟ್ಟಿದರೆ ಬೆನ್ನಿಗೆ ಎದುರು ತೂಕವೂ ಬೇಕು, ಇಲ್ಲವಾದರೆ ಮುಗ್ಗರಿಸುತ್ತದೆ.

ಕ್ಯಾಬಿನ್ ತಲೆಯಲ್ಲಿ ಇಡಬೇಡಿ. ನಡೆಯುವಾಗ ನಮ್ಮ ತಲೆ ನಾಲ್ಕೈದು ಸೆಂ.ಮೀ. ಮೇಲೆ ಕೆಳಗೆ ಆಗುತ್ತದೆ, ಅಲ್ಲಿ ಅದು ಅರ್ಧ ಮೀಟರ್. ಪಾಪ, ಪೈಲಟ್ ಯುದ್ಧಕ್ಕೆ ಮುಂಚೆಯೇ ವಾಂತಿ ಮಾಡಿಕೊಳ್ಳುತ್ತಾನೆ. ಮೇಲೆ ಕೆಳಗೆ ಆಗುವುದು ಎಲ್ಲಿ ಕೂತರೂ ತಪ್ಪದು, ಆದರೂ ಮೈ ಬಾಗಿದಾಗ ಓಲಾಟ ಕಡಿಮೆಯಿರುವ ಹೊಟ್ಟೆಯ ಹತ್ತಿರ ಕೂರಿಸಿ.

ಜಪಾನಿನವರು 2012ರಲ್ಲಿ ತೋರಿಸಿದ ಕುರಾಟಾಸ್ ಎಂಬ, ಒಳಗೆ ಮನುಷ್ಯ ಕೂರುವ ರೋಬೋಟು ಸುಮಾರು 4 ಮೀಟರ್ ಎತ್ತರ, ಕಾಲಿನ ತುದಿಗೆ ಗಾಲಿ. ನಿಮಗೆ ನಡೆಯುವುದೇ ಬೇಕಿದ್ದರೆ 17ನ್ನು 8.5 ಮೀಟರ್ ಮಾಡಿ. ತೂಕ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 8.5 ಟನ್. ಅಷ್ಟನ್ನು ನಮ್ಮ ಲೋಬೆಡ್ ಲಾರಿಯಲ್ಲೇ ಯುದ್ಧಕ್ಕೆ ಸಾಗಿಸಬಹುದು.