ಚರ್ಚ್ ಸಭೆಯ ಹಿರಿಯರ ಹತ್ತಿರ ಮಾರ್ಗದರ್ಶನ ಕೇಳುವುದು ಹೇಗೆ? ಕೇಳಿದರೆ ಬರೀ ಉಪದೇಶವೇ ಸಿಗುತ್ತದಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಇಂಜಿನಿಯರಿಂಗ್ ಓದಲು ಊರು ಬಿಟ್ಟು ದಾವಣಗೆರೆಗೆ ಬಂದಿದ್ದೀರಿ. ತಪ್ಪದೆ ಆರಾಧನೆಗೆ ಹೋಗುತ್ತೀರಿ. ನಂಬಿಕೆಯಲ್ಲಿ ಗಟ್ಟಿಯಾಗಲು ಹಿರಿಯರೊಬ್ಬರು ಜೊತೆಗಿದ್ದರೆ ಚೆನ್ನ ಅನ್ನಿಸಿದೆ. ಆದರೆ ಅವರು "ಚೆನ್ನಾಗಿ ಓದಪ್ಪಾ" ಅಂತ ಕೈಕುಲುಕಿ ಹೊರಡುತ್ತಾರೆ, ಇಲ್ಲವೇ ಮೊಬೈಲಿನ ಮೇಲೆ ಅರ್ಧ ಗಂಟೆ ಪ್ರಸಂಗ ಮಾಡುತ್ತಾರೆ ಅಂತ ಬರೆದಿದ್ದೀರಿ. ನಾನು ಆ ಹಿರಿಯರ ಗುಂಪಿಗೆ ಸೇರಿದವಳು. ನರ್ಸ್ ಆಗಿದ್ದೆ, ಈಗ ನಿವೃತ್ತಿ. ಅದಕ್ಕೇ ನಗು ಬಂದದ್ದು.

ಒಂದು ಗುಟ್ಟು ಹೇಳುತ್ತೇನೆ. ನಮಗೂ ನಿಮ್ಮನ್ನು ಕಂಡರೆ ಅಳುಕು. ನೀವು ಓದುವ ವಿಷಯ ನಮಗೆ ಅರ್ಥ ಆಗುವುದಿಲ್ಲ. ಏನಾದರೂ ಕೇಳಿದರೆ ಹಳೇ ಕಾಲದವರು ಅಂತ ನಕ್ಕುಬಿಡುತ್ತೀರೇನೋ ಅಂತ ಹೆದರಿಕೆ. ಹಾಗಾಗಿ ಗೊತ್ತಿರುವ ನಾಲ್ಕು ಬುದ್ಧಿಮಾತು ಹೇಳಿ ಜಾಗ ಖಾಲಿ ಮಾಡುತ್ತೇವೆ.

"ನನಗೆ ಮಾರ್ಗದರ್ಶಕರಾಗಿ" ಅಂತ ಯಾರನ್ನೂ ಕೇಳಬೇಡಿ. ಹಾಗೆ ಕೇಳಿದ ತಕ್ಷಣ ಎಂಥವರಿಗೂ ಪ್ರಸಂಗಪೀಠ ಹತ್ತಿದ ಹಾಗಾಗುತ್ತದೆ. ಸಣ್ಣದೊಂದು ಪ್ರಶ್ನೆ ಹಿಡಿದುಕೊಂಡು ಹೋಗಿ. "ಅಂಕಲ್, ನಿಮಗೆ ಮೊದಲ ಸಂಬಳ ಬಂದಾಗ ಮನೆಗೆಷ್ಟು ಕೊಟ್ಟಿರಿ?" "ಆಂಟಿ, ಪ್ರಾರ್ಥನೆ ಮಾಡಲು ಮನಸ್ಸೇ ಬಾರದ ದಿನ ಏನು ಮಾಡುತ್ತೀರಿ?" ಇಂಥದ್ದಕ್ಕೆ ಉಪದೇಶ ಕೊಡಲು ಬರುವುದಿಲ್ಲ. ತಮ್ಮ ಬದುಕನ್ನೇ ಹೇಳಬೇಕಾಗುತ್ತದೆ, ಅಲ್ವಾ?

ನನಗೆ ಅಂಥವರು ಸಿಕ್ಕಿದ್ದು ಚಿತ್ರದುರ್ಗದಲ್ಲಿ, ಮೊದಲ ಕೆಲಸಕ್ಕೆ ಸೇರಿದಾಗ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತಲ್ಲ, ಅದಕ್ಕೂ ಹಿಂದಿನ ಮಾತು. ನಮ್ಮ ಸಭೆಯ ಒಬ್ಬ ವಿಧವೆ, ಎಲ್ಲರೂ ಅಮ್ಮ ಅನ್ನುತ್ತಿದ್ದೆವು. ರಜೆ ಇದ್ದ ದಿನ ಅವರ ಮನೆಗೆ ಹೋಗುತ್ತಿದ್ದೆ. ಸತ್ಯವೇದದ, ಅಂದರೆ ಬೈಬಲಿನ, ಜ್ಞಾನೋಕ್ತಿಗಳ ಪುಸ್ತಕದಲ್ಲಿ 31 ಅಧ್ಯಾಯ ಇವೆ. ಅವರು ಆ ದಿನದ ತಾರೀಖಿಗೆ ಸರಿಯಾದ ಅಧ್ಯಾಯ ತೆಗೆದು ನನ್ನಿಂದ ಓದಿಸುತ್ತಿದ್ದರು. ವಿವರಣೆ ಏನೂ ಇಲ್ಲ. ಓದಿದ ಮೇಲೆ ಸೊಪ್ಪು ಸೋಸಲು ಕೂರುವುದು.

ನಿಜವಾಗಿ ಕಲಿತದ್ದು ಆಮೇಲೆ ನೋಡಿದ್ದರಿಂದ. ಪಿಂಚಣಿ ಬಂದ ದಿನ ಮೊದಲು ದಶಮಾಂಶ, ಅಂದರೆ ದೇವರಿಗೆಂದು ಹತ್ತರಲ್ಲೊಂದು ಪಾಲು, ಎತ್ತಿಡುತ್ತಿದ್ದರು, ಆಮೇಲೆ ಕಿರಾಣಿ ಅಂಗಡಿಯ ಬಾಕಿ, ಉಳಿದದ್ದು ಮನೆಗೆ. ಒಂದು ಸಲ ಜಮೀನಿನ ವಿಚಾರಕ್ಕೆ ಅವರ ತಮ್ಮಂದಿರು ಬಂದು ಬಾಯಿಗೆ ಬಂದಂತೆ ಕೂಗಾಡಿದರು. ನಾನು ಎದ್ದು ಹೊರಟರೆ "ಕೂತ್ಕೋ" ಅಂದರು. ಅವರ ದನಿ ಏರಲಿಲ್ಲ. "ಸಿಟ್ಟಲ್ಲಿರುವಾಗ ನಾನು ಯಾವ ಕಾಗದಕ್ಕೂ ಸಹಿ ಹಾಕಲ್ಲ, ಊಟ ಮಾಡಿ ಹೋಗಿ" ಅಂದರು. ತಮ್ಮಂದಿರು ಊಟ ಮಾಡಿಯೇ ಹೋದರು! ಮೃದುವಾದ ಉತ್ತರ ಸಿಟ್ಟನ್ನು ಇಳಿಸುತ್ತದೆ ಅಂತ ಜ್ಞಾನೋಕ್ತಿ 15ರಲ್ಲಿ ಸಂಡೇ ಸ್ಕೂಲಿನಿಂದಲೂ ಓದಿದ್ದೆ. ಅದು ಹೇಗಿರುತ್ತದೆ ಅಂತ ನೋಡಿದ್ದು ಆವತ್ತೇ. ಆದ್ದರಿಂದ ಚೆನ್ನಾಗಿ ಮಾತಾಡುವವರನ್ನು ಹುಡುಕಬೇಡಿ. ಮನೆಯೊಳಗೆ ಬಿಟ್ಟುಕೊಳ್ಳುವವರನ್ನು ಹುಡುಕಿ.

ಸತ್ಯವೇದದಲ್ಲಿ ನನಗೆ ತುಂಬ ಇಷ್ಟವಾದ ಹಿರಿಯ ಬಾರ್ನಬ. ಪೌಲ, ಬಾರ್ನಬ ಇಬ್ಬರೂ ಊರೂರು ಸುತ್ತಿ ಯೇಸುವಿನ ಸುವಾರ್ತೆ ಸಾರುತ್ತಿದ್ದವರು. ಮಾರ್ಕ ಅನ್ನುವ ಹುಡುಗ ಅವರ ಜೊತೆ ಸೇವೆಗೆ ಹೊರಟವನು ಅರ್ಧದಲ್ಲೇ ಬಿಟ್ಟು ಯೆರೂಸಲೇಮಿಗೆ ವಾಪಸ್ಸಾದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯೋಣ ಅಂತ ಬಾರ್ನಬ, ಬೇಡವೇ ಬೇಡ ಅಂತ ಪೌಲ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ನೋಡಿ, ಜಗಳ ಎಷ್ಟು ಜೋರಾಯಿತೆಂದರೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿ ಸೈಪ್ರಸ್‌ಗೆ ಹೋದ. ಅವನಿಗೆ ಏನು ಬುದ್ಧಿ ಹೇಳಿದ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಕರೆದುಕೊಂಡು ಹೋದ, ಅಷ್ಟೇ. ಎಷ್ಟೋ ವರ್ಷದ ಮೇಲೆ ಸೆರೆಯಲ್ಲಿದ್ದ ಅದೇ ಪೌಲ ತಿಮೊಥೆಯನಿಗೆ ಬರೆಯುತ್ತಾನೆ: ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು.

ನಿಮ್ಮ ಸಭೆಯಲ್ಲಿ ಬಾರ್ನಬ ಯಾರು ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಫೇಲಾದ ಹುಡುಗ, ಕುಡಿತಕ್ಕೆ ಬಿದ್ದವನು, ಮನೆಯವರ ಜೊತೆ ಜಗಳ ಮಾಡಿಕೊಂಡ ಹುಡುಗಿ, ಇಂಥವರು ಆರಾಧನೆ ಮುಗಿದ ಮೇಲೆ ಯಾರ ಹತ್ತಿರ ನಿಂತು ಮಾತಾಡುತ್ತಾರೆ ನೋಡಿ. ಅವರೇ. ಕಮಿಟಿಯಲ್ಲಿ ಇರಬೇಕೆಂದೇನಿಲ್ಲ. ಎಷ್ಟೋ ಸಲ ಇರುವುದೂ ಇಲ್ಲ.

ಗೆಳೆಯರು ಸಾಲದಾ ಅಂತಲೂ ಕೇಳಿದ್ದೀರಿ. ಇಸ್ರಾಯೇಲ್ಯರ ರಾಜ ಸೊಲೊಮೋನನ ಮಗ ರೆಹಬ್ಬಾಮನೂ ಹಾಗೇ ಅಂದುಕೊಂಡ. ಜನರ ಹೊರೆ ಇಳಿಸು ಅಂದ ಹಿರಿಯರನ್ನು ಬಿಟ್ಟು, ಜೊತೆಯಲ್ಲಿ ಬೆಳೆದ ಹುಡುಗರ ಮಾತು ಕೇಳಿದ. ರಾಜ್ಯದ ಹತ್ತು ಕುಲಗಳು ಕೈಬಿಟ್ಟು ಹೋದವು. ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಗೆಳೆಯರು ಬೇಕು. ಸಾಲ, ಮದುವೆ, ಕೆಲಸದ ವಿಚಾರಕ್ಕೆ ಆ ದಾರಿ ನಡೆದವರು ಬೇಕು. ಹಾಗಂತ ವಯಸ್ಸಾದವರೆಲ್ಲ ಜಾಣರಲ್ಲ. ಯೋಬನ ಪುಸ್ತಕದಲ್ಲಿ ಎಲೀಹು ಎಂಬ ಹುಡುಗ ಹಿರಿಯರ ಮುಂದೆಯೇ ಈ ಮಾತು ಹೇಳಿದ್ದಾನೆ.

ಕೆಲವರಿಂದ ದೂರ ಇರಿ. "ನಿನ್ನ ವಿಷಯ ದೇವರು ನನಗೆ ತೋರಿಸಿದ್ದಾರೆ, ಇಂಥವಳನ್ನೇ ಮದುವೆಯಾಗು" ಅನ್ನುವವರು. ದುಡ್ಡು ಕೇಳುವವರು. "ಇದನ್ನು ನಿಮ್ಮ ಅಪ್ಪ ಅಮ್ಮನಿಗೆ ಹೇಳಬೇಡ" ಅನ್ನುವವರು. ನಿಮ್ಮ ಗುಟ್ಟನ್ನು ಪ್ರಾರ್ಥನಾ ವಿಷಯ ಅಂತ ಹತ್ತು ಮನೆಗೆ ಹಂಚುವವರು. ಕೊನೆಯವರದು ಕೆಟ್ಟ ಉದ್ದೇಶ ಇರಲಿಕ್ಕಿಲ್ಲ, ಆದರೂ ಬೇಡ. ಪರೀಕ್ಷೆ ಮಾಡುವುದು ಸುಲಭ: ಮೊದಲು ಸಣ್ಣ ವಿಷಯ ಹೇಳಿ. ಅದು ಎರಡು ವಾರದಲ್ಲಿ ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬಂದರೆ ಅಲ್ಲಿಗೆ ನಿಲ್ಲಿಸಿ.

ನಿಮ್ಮ ಜೊತೆಗಿರುವ ಹುಡುಗಿಯರಿಗೂ ಬೇಕು ಅಂದಿದ್ದೀರಿ. ಅವರು ಹಿರಿಯ ಹೆಂಗಸರ ಹತ್ತಿರವೇ ಹೋಗಲಿ. ತೀತನಿಗೆ ಬರೆದ ಪತ್ರದಲ್ಲೂ ಕಿರಿಯ ಹೆಂಗಸರಿಗೆ ಕಲಿಸುವ ಕೆಲಸವನ್ನು ಪೌಲ ಹಿರಿಯ ಹೆಂಗಸರಿಗೇ ಒಪ್ಪಿಸಿದ್ದಾನೆ. ಸ್ತ್ರೀಯರ ಸಂಘದಲ್ಲಿ ಸುಮ್ನೆ ಹಿಂದೆ ಕೂರುವ ಅಜ್ಜಿಯರನ್ನು ಮಾತಾಡಿಸಲು ಹೇಳಿ.

ಇನ್ನು, ಬರೀ ಪಡೆಯಲು ಹೋಗಬೇಡಿ. ಈ ವಯಸ್ಸಿನಲ್ಲಿ ನಮಗೆ ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟುವುದೇ ದೊಡ್ಡ ತಲೆನೋವು. ಮುಂದಿನ ಭಾನುವಾರ ಒಬ್ಬರಿಗೆ ಅದನ್ನು ಮಾಡಿಕೊಡುತ್ತೇನೆ ಅನ್ನಿ, ಮನೆಗೆ ಕರೆಯದಿದ್ದರೆ ಕೇಳಿ. ಪರೀಕ್ಷೆ ಮುಗಿಯಲಿ ಅಂತ ಮುಂದೆ ಹಾಕಬೇಡಿ. ಪರೀಕ್ಷೆ ಮುಗಿದರೆ ನೀವೆಲ್ಲ ಬೆಂಗಳೂರು ಬಸ್ ಹತ್ತುವವರೇ.