ದಾವಣಗೆರೆಯಲ್ಲಿ ದಿನಾ ಓಡಿಸೋಕೆ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್: ಲೀಸ್‌ಗೆ ತಗೊಳ್ಳೋದಾ, ಸ್ವಂತಕ್ಕಾ?

"ನಾನು ಓಡಿಸೋದೇ ತಿಂಗಳಿಗೆ 800 ಕಿ.ಮೀ., ಬ್ಯಾಟರಿ ಭಯ ಬೇರೆ, ಅದಕ್ಕೆ ಲೀಸೇ ವಾಸಿ ಅನ್ನಿಸ್ತಿದೆ" ಎಂದು ಬರೆದಿದ್ದೀರಿ. 2023ರಲ್ಲಿ ನಾನು ನಮ್ಮ ಯಜಮಾನರಿಗೆ ಹೇಳಿದ್ದೂ ಇದನ್ನೇ. ಆ 800 ಅನ್ನೋ ಅಂಕಿಯನ್ನು ಮೊದಲು ಪಕ್ಕಕ್ಕಿಡಿ. ಅದು ನಿಮ್ಮ ಪೆಟ್ರೋಲ್ ಗಾಡಿಯ ಅಂಕಿ. ಎಲೆಕ್ಟ್ರಿಕ್ ಕಾರು ಮನೆಗೆ ಬಂದ ಮೇಲೆ ಅದು ಉಳಿಯುವುದಿಲ್ಲ.

ನಮ್ಮ ಮನೆ ವಿದ್ಯಾನಗರದ ಕಡೆ. ನಾನು ಊರಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಯಜಮಾನರದ್ದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮೊದಲು ಹಳೇ ಆಲ್ಟೊ ಇತ್ತು. ಅದರ ಸರ್ವಿಸ್ ಪುಸ್ತಕ ತೆಗೆದು ನೋಡಿದರೆ ಯಾವ ವರ್ಷವೂ 9,000 ಕಿ.ಮೀ. ದಾಟಿರಲಿಲ್ಲ. ನಾವು ಒಪ್ಪಿದ್ದು ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೊ ಇ.ವಿ., 24 ಕಿಲೋವ್ಯಾಟ್ ಅವರ್ (ಅಂದರೆ 24 ಯೂನಿಟ್ ಕರೆಂಟ್ ಹಿಡಿಯುವ) ಬ್ಯಾಟರಿಯದ್ದು, ಮೂರು ವರ್ಷದ ಲೀಸ್, ಅಂದರೆ ತಿಂಗಳ ಬಾಡಿಗೆ ಕಟ್ಟಿ ಓಡಿಸಿ ಕೊನೆಗೆ ಕಾರು ವಾಪಸ್ ಕೊಡೋದು. ಲೀಸ್ ಕಂಪನಿಯವರು ವರ್ಷಕ್ಕೆ 12,000, 18,000, 24,000 ಕಿ.ಮೀ. ಎಂದು ಮೂರು ಸ್ಲ್ಯಾಬ್ ಇಟ್ಟರು. ಮೊದಲನೆಯದಕ್ಕೂ ಎರಡನೆಯದಕ್ಕೂ ತಿಂಗಳಿಗೆ 1,400 ರೂಪಾಯಿ ವ್ಯತ್ಯಾಸ. ನಾನು 12,000ದ್ದು ಆರಿಸಿದೆ. ನಮ್ಮ ಓಡಾಟಕ್ಕಿಂತ ಮೂರು ಸಾವಿರ ಜಾಸ್ತಿಯೇ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ಹಾಕೋದು ಅಂತ.

ಮಿತಿ ದಾಟಿದರೆ ಪ್ರತಿ ಕಿ.ಮೀ.ಗೆ 7 ರೂಪಾಯಿ, ಜಿ.ಎಸ್.ಟಿ. ಬೇರೆ ಎಂದು ಅಗ್ರಿಮೆಂಟಿನಲ್ಲಿ ಸ್ಪಷ್ಟವಾಗಿತ್ತು. ಓದಿದ್ದೆ. ಅದು ಟ್ಯಾಕ್ಸಿ ಥರ ಓಡಿಸುವವರಿಗೆ, ನಮಗಲ್ಲ ಅಂದುಕೊಂಡು ಸಹಿ ಹಾಕಿದೆ.

ತಪ್ಪು ಇಲ್ಲಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ರೋಲ್ ಕಾರು ಇದ್ದಾಗ ನಾವು ಕಡಿಮೆ ಓಡಾಡುತ್ತಿದ್ದದ್ದು ನಮಗೆ ಓಡಾಡುವ ಕೆಲಸ ಇರಲಿಲ್ಲ ಅಂತಲ್ಲ. ಪ್ರತಿ ಸಲ ಮನಸ್ಸು ಒಂದು ಲೆಕ್ಕ ಹಾಕುತ್ತಿತ್ತು. ಚಿತ್ರದುರ್ಗದಲ್ಲಿ ನಮ್ಮ ಅಕ್ಕ ಇದ್ದಾಳೆ. ಹೋಗಿ ಬರಲು 120 ಕಿ.ಮೀ., ಪೆಟ್ರೋಲಿಗೇ 800 ರೂಪಾಯಿ ಹತ್ತಿರ. "ಮುಂದಿನ ತಿಂಗಳು ಹೋದರಾಯ್ತು ಬಿಡು" ಅನ್ನುತ್ತಿದ್ದೆವು. ಅತ್ತೆಗೆ ಸೋಮವಾರ ಹರಿಹರೇಶ್ವರನ ದರ್ಶನ ಮಾಡುವ ಆಸೆ, ಹರಿಹರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರು. ಭರಮಸಾಗರದ ಹತ್ತಿರ ಯಜಮಾನರ ಊರು, ಅಲ್ಲಿ ಸ್ವಲ್ಪ ಜಮೀನು. ಅವರು ಬೈಕಿನಲ್ಲಿ ಹೋಗುತ್ತಿದ್ದರು, ಬಿಸಿಲು ಜಾಸ್ತಿ ಇದ್ದರೆ ಹೋಗುತ್ತಲೇ ಇರಲಿಲ್ಲ. ಈ ಓಡಾಟ ಯಾವುದೂ ಆಲ್ಟೊದ ಸರ್ವಿಸ್ ಪುಸ್ತಕದಲ್ಲಿ ಇಲ್ಲ. ನಾನು ಆ ಪುಸ್ತಕ ನೋಡಿ, ನಮ್ಮ ಅಗತ್ಯ ಇಷ್ಟೇ ಎಂದು ಓದಿಕೊಂಡೆ. ಅದರಲ್ಲಿದ್ದದ್ದು ನಮ್ಮ ಅಗತ್ಯ ಅಲ್ಲ, ಪೆಟ್ರೋಲ್ ರೇಟಿಗೆ ಹೆದರಿ ಉಳಿದದ್ದು.

ಇ.ವಿ. ಬಂದ ಮೇಲೆ ಚಿತ್ರದುರ್ಗಕ್ಕೆ ಹೋಗಿ ಬರಲು 20 ಯೂನಿಟ್ ಕರೆಂಟ್. ನೂರಿಪ್ಪತ್ತು, ನೂರ ನಲವತ್ತು ರೂಪಾಯಿ. ಹೆಬ್ಬಾಳು ಟೋಲ್ ಕಟ್ಟೋದೇ ಬೇಜಾರು ಅನ್ನುವಷ್ಟು ಅಗ್ಗ. ಮನೆಯವರೆಲ್ಲರ ಬಾಯಲ್ಲೂ ಒಂದೇ ಮಾತು: "ಕರೆಂಟಿಗೆ ಏನ್ ಮಹಾ ಖರ್ಚು, ನಡೀರಿ." ಅತ್ತೆಯ ಸೋಮವಾರ ಕಾರಿಗೆ ಬಂತು. ಭಾನುವಾರದ ಜಮೀನು ಕಾರಿಗೆ ಬಂತು. ಅಕ್ಕನ ಮಗಳನ್ನು ಕೋಚಿಂಗ್‌ಗೆ ಬಿಡೋದು, ಸೂಳೆಕೆರೆಗೆ ಹೋಗೋದು, ನೆಂಟರನ್ನು ರೈಲ್ವೆ ಸ್ಟೇಷನ್‌ನಿಂದ ಕರೆತರೋದು, ಎಲ್ಲವೂ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ನಮಗೆ ಬಸ್ ಫ್ರೀ ಆಯಿತಲ್ಲ, ಆಮೇಲೂ ನಾನು, ಅತ್ತೆ ಕಾರಲ್ಲೇ ಓಡಾಡಿದ್ದೇವೆ. ತಿಂಗಳಿಗೆ 1,500 ಕಿ.ಮೀ. ಹೇಗೆ ಆಗುತ್ತಿತ್ತೋ ಗೊತ್ತೇ ಆಗಲಿಲ್ಲ.

ಎರಡನೇ ವರ್ಷದ ಮಧ್ಯೆ ಸರ್ವಿಸ್‌ಗೆ ಬಿಟ್ಟಾಗ ಮೀಟರ್ ನೋಡಿ ಎದೆ ಧಸಕ್ ಎಂದಿತು. ಫೋನ್ ಮಾಡಿ "ಸ್ಲ್ಯಾಬ್ ಬದಲಾಯಿಸಿಕೊಡಿ" ಎಂದೆ. ಮೊದಲ ಹನ್ನೆರಡು ತಿಂಗಳೊಳಗೆ ಒಂದು ಸಲ ಮಾತ್ರ ಮೇಡಂ, ಈಗ ಆಗಲ್ಲ ಅಂದರು. ಮಧ್ಯದಲ್ಲೇ ವಾಪಸ್ ಕೊಟ್ಟರೆ ಫೋರ್‌ಕ್ಲೋಷರ್ ಚಾರ್ಜು ಇನ್ನೂ ದೊಡ್ಡದು. ಆಮೇಲೆ ನಾವು ಮಾಡಿದ ಕೆಲಸ ಕೇಳಿದರೆ ನಗುತ್ತೀರಿ. ಕಿ.ಮೀ. ಉಳಿಸಲು ಕಾರನ್ನು ಗೇಟಿನೊಳಗೆ ನಿಲ್ಲಿಸಿ ನಾನು ಹಳೇ ಪೆಟ್ರೋಲ್ ಸ್ಕೂಟಿಯಲ್ಲಿ ಕಾಲೇಜಿಗೆ ಹೋಗತೊಡಗಿದೆ. ಹುಬ್ಬಳ್ಳಿಯ ಮದುವೆಗೆ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಮನೆಯಲ್ಲಿರುವ ಕಾರಿಗೆ ಬಾಡಿಗೆ, ಹತ್ತಿದ ಕಾರಿಗೂ ಬಾಡಿಗೆ. "ರೀ, ನಾವು ಏನ್ ಮಾಡ್ತಾ ಇದ್ದೀವಿ?" ಎಂದು ಕೇಳಿದ್ದಕ್ಕೆ ಯಜಮಾನರು ಉತ್ತರ ಕೊಡಲಿಲ್ಲ. ಸ್ವಲ್ಪ ದಿನಕ್ಕೆ ಅದೂ ಬೇಸರವಾಗಿ ಮತ್ತೆ ಮೊದಲಿನ ಹಾಗೆ ಓಡಿಸಿದೆವು.

ಕೊನೆಗೆ ವಾಪಸ್ ಕೊಡುವಾಗ ಮೀಟರ್ 54 ಸಾವಿರದ ಹತ್ತಿರ. ಒಪ್ಪಂದ 36 ಸಾವಿರಕ್ಕೆ. ಹೆಚ್ಚಿಗೆ 18 ಸಾವಿರ ಕಿ.ಮೀ., ಏಳರಂತೆ 1,26,000 ರೂಪಾಯಿ, ಮೇಲೆ ಜಿ.ಎಸ್.ಟಿ. ಬಂಪರ್ ಗೀರಿಗೆ ಬೇರೆ ಹಿಡಿದುಕೊಂಡರು. ಡೆಪಾಸಿಟ್ ಪೂರ್ತಿ ಹೋಗಿ ಕೈಯಿಂದಲೂ ಕೊಟ್ಟೆವು. ದೊಡ್ಡ ಸ್ಲ್ಯಾಬ್ ತಗೊಂಡಿದ್ದರೆ ಮೂರು ವರ್ಷಕ್ಕೆ 50,400 ಜಾಸ್ತಿ ಆಗುತ್ತಿತ್ತು, ಅಷ್ಟೇ.

ಹಾಗಾದರೆ ದೊಡ್ಡ ಸ್ಲ್ಯಾಬ್ ತಗೊಂಡರೆ ಸರಿಹೋಗುತ್ತಾ ಎಂದು ಕೇಳಬಹುದು. ನನ್ನ ಪ್ರಕಾರ ಇಲ್ಲ. ಎಲೆಕ್ಟ್ರಿಕ್ ಕಾರಿನ ಲಾಭ ಇರುವುದೇ ಓಡಿಸುವುದರಲ್ಲಿ. ಕೊಳ್ಳುವಾಗ ಬೆಲೆ ಜಾಸ್ತಿ, ಓಡಿಸುವಾಗ ಖರ್ಚು ಕಡಿಮೆ. ಹೆಚ್ಚು ಓಡಿಸಿದಷ್ಟೂ ಆ ಹೆಚ್ಚಿನ ಬೆಲೆ ತೀರುತ್ತದೆ. ಕಿ.ಮೀ. ಮಿತಿಯ ಲೀಸ್ ಅದರ ತದ್ವಿರುದ್ಧ. ಊಟಕ್ಕೆ ಕರೆದು ಅಗುಳು ಎಣಿಸಿದ ಹಾಗೆ. ಕಾರನ್ನಷ್ಟೇ ಮಾರಿ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಸ್ಕೀಮೂ ಹಾಗೇ. 2024ರಲ್ಲಿ ಎಂ.ಜಿ. ಕಂಪನಿ ಅದನ್ನು ತಂದಾಗ ತನ್ನ ಕಾಮೆಟ್ ಕಾರಿಗೆ ಕಿ.ಮೀ.ಗೆ 2.50, ವಿಂಡ್ಸರ್ ಕಾರಿಗೆ 3.50 ರೂಪಾಯಿ ಎಂದಿತ್ತು. ಶೋರೂಮ್ ಬೆಲೆ ಕಡಿಮೆ ಕಾಣುತ್ತದೆ ನಿಜ. ಆದರೆ ಕರೆಂಟಿನ ಮೇಲೆ ಇದನ್ನೂ ಕೂಡಿಸಿ ನೋಡಿ. ಪೆಟ್ರೋಲಿಗಿಂತ ಕಡಿಮೆಯೇ ಆಗಬಹುದು, ಆದರೆ "ನಡೀರಿ" ಅನ್ನುವ ಧೈರ್ಯ ಹೋಗುತ್ತದೆ.

ಇನ್ನು ಬ್ಯಾಟರಿ ಬೇಗ ಹಾಳಾಗುತ್ತೆ ಅನ್ನುವ ಭಯದ ವಿಷಯ. ಲೀಸ್ ಮಾರುವವರು ಮೊದಲು ಹಿಡಿಯುವುದೇ ಇದನ್ನು. ಟಿಯಾಗೊ ಇ.ವಿ. ಬಂದಾಗಲೇ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇತ್ತು. ನಮ್ಮ ಹಾಗೆ ವರ್ಷಕ್ಕೆ 18 ಸಾವಿರ ಓಡಿಸಿದರೂ ಎಂಟು ವರ್ಷ ಮುಗಿಯುವ ತನಕ ಕಿ.ಮೀ. ಮುಗಿಯುವುದಿಲ್ಲ. ಅಂದಮೇಲೆ ಮೂರು ವರ್ಷದ ಲೀಸ್ ನಿಮ್ಮನ್ನು ಯಾವುದರಿಂದ ಕಾಪಾಡುತ್ತದೆ? ವಾರಂಟಿ ಇರುವ ವರ್ಷಗಳಿಂದ! ನಮ್ಮ ಕಾರು ಮೂರು ವರ್ಷದ ಕೊನೆಗೂ ಊರೊಳಗೆ ಮೊದಲಿಗಿಂತ ಸ್ವಲ್ಪವೇ ಕಡಿಮೆ ಓಡುತ್ತಿತ್ತು.

"ರಸ್ತೆ ತೆರಿಗೆ, ಇನ್ಶೂರೆನ್ಸ್ ಎಲ್ಲಾ ನಮ್ಮದೇ" ಎಂದು ಲೀಸ್ ಕಂಪನಿಯವರು ಅನ್ನೋದಕ್ಕೂ ಮರುಳಾಗಬೇಡಿ. ನಾವು ತಗೊಂಡಾಗ ಕರ್ನಾಟಕದಲ್ಲಿ ಈ ಬೆಲೆಯ ಇ.ವಿ.ಗೆ ರಸ್ತೆ ತೆರಿಗೆಯೇ ಇರಲಿಲ್ಲ. ಇಲ್ಲದ್ದನ್ನು ಅವರು ಕಟ್ಟಿಕೊಂಡರು!

ನೀವು ಕೇಳದ ಇನ್ನೊಂದು ವಿಷಯ ಹೇಳಲೇಬೇಕು: ಗೃಹಜ್ಯೋತಿ. ನಮ್ಮ ಮನೆಗೆ ತಿಂಗಳಿಗೆ 110 ಯೂನಿಟ್ ಆಸುಪಾಸು, ಸೊನ್ನೆ ಬಿಲ್ ಬರಬೇಕಾದ ಮನೆ. ಕಾರು ಅದೇ ಮೀಟರಿನಲ್ಲಿ ಚಾರ್ಜ್ ಆಗಿ ಇನ್ನೂ ಇನ್ನೂರು ಚಿಲ್ಲರೆ ಯೂನಿಟ್ ಸೇರುತ್ತಿತ್ತು. 200 ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಪಕ್ಕದ ಮನೆಯವರದ್ದು ಸೊನ್ನೆ, ನಮ್ಮದು ಎರಡೂವರೆಯಿಂದ ಮೂರು ಸಾವಿರ. ಅಷ್ಟೇ ದೂರಕ್ಕೆ ಪೆಟ್ರೋಲ್ ಒಂಬತ್ತು ಸಾವಿರದ ಮೇಲೆ ಆಗುತ್ತಿತ್ತು, ಹಾಗಾಗಿ ನಷ್ಟವೇನಿಲ್ಲ. ಆದರೆ "ಕಿ.ಮೀ.ಗೆ ಒಂದು ರೂಪಾಯಿ" ಎಂದು ಶೋರೂಮಿನಲ್ಲಿ ಹೇಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಬೆಸ್ಕಾಂ ಸಬ್ ಡಿವಿಷನ್ ಕಚೇರಿಯಲ್ಲಿ ಇ.ವಿ. ಚಾರ್ಜಿಂಗ್‌ಗೆ ಬೇರೆ ಮೀಟರ್ ಕೇಳಿ. ಅದರ ದರವೇ ಬೇರೆ, ಮನೆಯ ಮೀಟರೂ 200ರ ಒಳಗೆ ಉಳಿಯುತ್ತದೆ. ನಾವು ಈಗ ಅದನ್ನೇ ಮಾಡಿದ್ದೇವೆ.

ರೇಂಜ್, ಅಂದರೆ ಒಂದು ಫುಲ್ ಚಾರ್ಜಿಗೆ ಓಡುವ ದೂರ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಂಪನಿಯ ಕಾಗದದಲ್ಲಿ 315 ಕಿ.ಮೀ. ಅಂತಿತ್ತು. ನಮಗೆ ಊರೊಳಗೆ 190-200, ಹೈವೇಯಲ್ಲಿ ನೂರರ ಸ್ಪೀಡಿಗೆ 160 ಸಿಗುತ್ತಿತ್ತು. ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಜೂನ್-ಜುಲೈಯಲ್ಲಿ ದುರ್ಗದಿಂದ ಈ ಕಡೆ ಬರುವಾಗ ಎದುರುಗಾಳಿಗೆ ಚಾರ್ಜ್ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆದರೂ ಹೋಗಿ ಬರೋಕೆ ಏನೂ ತೊಂದರೆ ಇಲ್ಲ. ಬೆಂಗಳೂರು 265 ಕಿ.ಮೀ., ದಾರಿಯಲ್ಲಿ ಎರಡು ಸಲ ಫಾಸ್ಟ್ ಚಾರ್ಜ್ ಬೇಕಾಗುತ್ತದೆ, 10ರಿಂದ 80 ಪರ್ಸೆಂಟಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಮೊದಲನೆಯದನ್ನು ಖಾಲಿ ಆಗುವ ತನಕ ಕಾಯದೆ ಹಿರಿಯೂರಿನಲ್ಲೇ ಹಾಕಿಬಿಡಿ. ಅಲ್ಲಿ ಕೆಟ್ಟಿದ್ದರೆ ಶಿರಾ ತನಕ ಹೋಗುವಷ್ಟು ಉಳಿದಿರುತ್ತದೆ. ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಹೋಗುವವರಾದರೆ ಈ ಸೈಜಿನ ಬ್ಯಾಟರಿ ಬೇಡ.

ಹಾಗಾದರೆ ಏನು ತಗೊಳ್ಳೋದು? ನನ್ನನ್ನು ಕೇಳಿದರೆ ಲೀಸೂ ಬೇಡ, ಹೊಸದೂ ಬೇಡ. ಎರಡು ಮೂರು ವರ್ಷ ಓಡಿದ್ದನ್ನು ಕೊಳ್ಳಿ. ಇ.ವಿ.ಗಳ ಸೆಕೆಂಡ್ ಹ್ಯಾಂಡ್ ಬೆಲೆ ಬೇಗ ಬೀಳುತ್ತದೆ, ಅದು ಮೊದಲು ಕೊಂಡವರ ತಲೆನೋವು. ನಾವು ಈಗ ಓಡಿಸುತ್ತಿರುವುದು ಹರಿಹರದ ಒಬ್ಬರು ಮಾರಿದ್ದು, ಅದೇ ಮಾಡೆಲ್, ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಗೆ. ಕೊಳ್ಳುವ ಮೊದಲು ಸರ್ವಿಸ್ ಸೆಂಟರಿಗೆ ಒಯ್ದು ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗೆಸಿ, ವಾರಂಟಿ ನಿಮ್ಮ ಹೆಸರಿಗೆ ವರ್ಗ ಆಗುತ್ತಾ, ಯಾವ ಷರತ್ತಿನ ಮೇಲೆ ಆಗುತ್ತೆ ಎಂದು ಬರಹದಲ್ಲಿ ಕೇಳಿ. ಫುಲ್ ಚಾರ್ಜ್ ಮಾಡಿ ಆನಗೋಡು ದಾಟಿ ಒಂದು ಸುತ್ತು ಓಡಿಸಿ ನೋಡಿ.

ಲೀಸ್ ಯಾರಿಗೆ ಸರಿ? ಬ್ಯಾಂಕಿನವರು, ಎರಡು ವರ್ಷಕ್ಕೆ ವರ್ಗ ಆಗಿ ಹೋಗುವವರು. ಕಂಪನಿಯೇ ಸಂಬಳದಲ್ಲಿ ಲೀಸ್ ಹಿಡಿದು ತೆರಿಗೆ ಉಳಿಸಿಕೊಡುವವರು. ನೀವು ಅಂಥವರಾದರೆ ಮಾಡಿ, ಆದರೆ ಮೂರು ವಿಷಯ ಮೇಲ್‌ನಲ್ಲಿ ಬರೆಸಿಕೊಳ್ಳಿ: ಸ್ಲ್ಯಾಬ್ ಯಾವಾಗ ಬದಲಾಯಿಸಬಹುದು, ಹೆಚ್ಚಿಗೆ ಕಿ.ಮೀ.ಗೆ ತೆರಿಗೆ ಸೇರಿ ಎಷ್ಟು, ಗೀರು ಎಷ್ಟು ದೊಡ್ಡದಾದರೆ ದುಡ್ಡು ಹಿಡಿಯುತ್ತಾರೆ. ಫೋನಿನಲ್ಲಿ ಹೇಳಿದ ಮಾತು ಮೂರು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಸ್ವಂತ ಮನೆಯೋ ಬಾಡಿಗೆ ಮನೆಯೋ ನೀವು ಬರೆದಿಲ್ಲ. ಬಾಡಿಗೆ ಆದರೆ, ಓನರ್ ಚಾರ್ಜಿಂಗ್ ಪಾಯಿಂಟ್ ಹಾಕಲು ಒಪ್ಪುವ ತನಕ ಯಾವ ಇ.ವಿ.ಯನ್ನೂ ಬುಕ್ ಮಾಡಬೇಡಿ, ಲೀಸಾದರೂ ಸರಿ, ಸ್ವಂತದ್ದಾದರೂ ಸರಿ. ದಿನಾ ಪಬ್ಲಿಕ್ ಚಾರ್ಜರ್ ಹುಡುಕಿಕೊಂಡು ಹೋದರೆ ಅಗ್ಗವೂ ಅಲ್ಲ, ನೆಮ್ಮದಿಯೂ ಇಲ್ಲ. ಸ್ವಂತ ಮನೆ ಆದರೆ 15 ಆಂಪ್ಸ್ ಪಾಯಿಂಟ್ ಸಾಕು, ರಾತ್ರಿ ಒಂಬತ್ತಕ್ಕೆ ಹಾಕಿದರೆ ಬೆಳಿಗ್ಗೆ ಆರಕ್ಕೆ ಫುಲ್. ಆದರೆ ಗೀಸರಿಗೆ ಎಳೆದ ಹಳೇ ವೈರಿನಲ್ಲಿ ಹಾಕಬೇಡಿ. ಮೀಟರ್ ಬೋರ್ಡಿನಿಂದ ಬೇರೆಯಾಗಿ 4 ಸ್ಕ್ವೇರ್ ಎಂ.ಎಂ. ತಾಮ್ರದ ವೈರ್, ಅದಕ್ಕೇ ಒಂದು ಎಂ.ಸಿ.ಬಿ. (ಲೋಡ್ ಜಾಸ್ತಿಯಾದರೆ ತಾನೇ ಕಟ್ ಆಗುವ ಸ್ವಿಚ್) ಹಾಕಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕಾರು ಚಾರ್ಜೇ ತಗೊಳ್ಳುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುತ್ತದೆ, ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಬೇಕು ಅಂತ ಯಜಮಾನರು ಹೇಳಿ ಬರೆಸುತ್ತಿದ್ದಾರೆ.