ಬೀಡಿ-ಸಿಗರೇಟು ಮುಟ್ಟದವರಿಗೂ ಗಂಟಲು ಕ್ಯಾನ್ಸರ್ ಬರುತ್ತಾ? ವೈರಸ್ ಕಾರಣವಾ?

ಚಿಕ್ಕಪ್ಪನಿಗೆ ಬೀಡಿ, ಗುಟ್ಕಾ ಯಾವ ಚಟವೂ ಇಲ್ಲ, ಆದರೂ ಟಾನ್ಸಿಲ್ ಕ್ಯಾನ್ಸರ್ ಬಂದಿದೆ, ಡಾಕ್ಟರು ಪಿ16 ಟೆಸ್ಟ್ ಬರೆದಿದ್ದಾರೆ, ವೈರಸ್‌ನಿಂದ ಹೀಗಾಗುತ್ತಾ ಅಂತ ಕೇಳಿದ್ದೀರಿ. ಹೌದು, ಆಗಬಹುದು. ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಈ ಟೆಸ್ಟ್ ನಮ್ಮಲ್ಲೂ ಮಾಡುತ್ತೇವೆ.

ವೈರಸ್ ಹೆಸರು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್). ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವುದೂ ಇದೇ. ಗಂಟಲಿನ ವಿಷಯದಲ್ಲಿ ಮಾತ್ರ ಬಹಳ ಕಾಲ ಅನುಮಾನವಿತ್ತು. ಈ ವೈರಸ್ ಎಷ್ಟೋ ಜನರ ಬಾಯಿಗೆ ಬಂದು ತಾನಾಗಿಯೇ ಹೋಗಿಬಿಡುತ್ತದೆ. ಗಡ್ಡೆಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಗಡ್ಡೆಗೆ ಅದೇ ಕಾರಣ ಅನ್ನೋಕಾಗಲ್ಲ, ಅಲ್ವಾ?

2000ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೋರಾ ಗಿಲಿಸನ್ ಮತ್ತು ಜೊತೆಗಾರರು ತಲೆ-ಕುತ್ತಿಗೆಯ 253 ಕ್ಯಾನ್ಸರ್‌ಗಳನ್ನು ಪರೀಕ್ಷಿಸಿದರು. ಕಾಲು ಭಾಗದಲ್ಲಿ ಎಚ್‌ಪಿವಿ ಇತ್ತು. ಅದರಲ್ಲಿ ಹತ್ತಕ್ಕೆ ಒಂಬತ್ತು ಎಚ್‌ಪಿವಿ 16 ಎಂಬ ಬಗೆ. ಅದು ಸುಮ್ನೆ ಅಕ್ಕಪಕ್ಕ ಇರಲಿಲ್ಲ, ಕ್ಯಾನ್ಸರ್ ಜೀವಕೋಶದ ನ್ಯೂಕ್ಲಿಯಸ್ ಒಳಗೇ ಕೂತಿತ್ತು. ಕುತ್ತಿಗೆಯ ಗಂಟಿಗೆ ಹರಡಿದ ಕ್ಯಾನ್ಸರ್‌ನಲ್ಲೂ ಇತ್ತು. ನನಗೆ ಎಲ್ಲಕ್ಕಿಂತ ಗಟ್ಟಿ ಅನಿಸುವ ಸಾಕ್ಷಿ ಬೇರೆ. ತಂಬಾಕಿನಿಂದ ಬಂದ ಗಡ್ಡೆಗಳಲ್ಲಿ ಕ್ಯಾನ್ಸರ್ ತಡೆಯುವ ಪಿ53 ಜೀನ್ ಸಾಮಾನ್ಯವಾಗಿ ಕೆಟ್ಟಿರುತ್ತದೆ. ಎಚ್‌ಪಿವಿ ಗಡ್ಡೆಗಳಲ್ಲಿ ಹಾಗೆ ಕೆಟ್ಟಿರುವುದು ಕಡಿಮೆ. ಯಾಕೆಂದರೆ ವೈರಸ್‌ನ ಇ6 ಪ್ರೋಟೀನು, ಆ ಜೀನ್ ತಯಾರಿಸುವ ಪಿ53 ಪ್ರೋಟೀನನ್ನೇ ನಾಶ ಮಾಡುತ್ತದೆ. ಜೀನ್ ಕೆಡುವ ಅಗತ್ಯವೇ ಬೀಳುವುದಿಲ್ಲ.

ವೈರಸ್‌ನ ಇನ್ನೊಂದು ಪ್ರೋಟೀನು ಇ7 ಕೆಲಸ ಶುರು ಮಾಡಿದರೆ ಜೀವಕೋಶದಲ್ಲಿ ಪಿ16 ಎಂಬ ನಮ್ಮದೇ ಪ್ರೋಟೀನು ಜಾಸ್ತಿಯಾಗುತ್ತದೆ, ಪಿ16 ಟೆಸ್ಟ್ ನೋಡುವುದು ಇದನ್ನೇ. ಬಯಾಪ್ಸಿಯ ತೆಳು ಪದರವನ್ನು ಸ್ಲೈಡ್ ಮೇಲಿಟ್ಟು ಬಣ್ಣ ಹಾಕುತ್ತೇವೆ. 70% ಅಥವಾ ಹೆಚ್ಚು ಕ್ಯಾನ್ಸರ್ ಜೀವಕೋಶಗಳು ಗಾಢ ಕಂದಾದರೆ ಪಾಸಿಟಿವ್. ನೆಗೆಟಿವ್ ಬಂದರೂ ಆಶ್ಚರ್ಯಪಡಬೇಡಿ. ನಮ್ಮ ದೇಶದಲ್ಲಿ ಗಂಟಲು ಕ್ಯಾನ್ಸರ್‌ಗೆ ಈಗಲೂ ತಂಬಾಕೇ ದೊಡ್ಡ ಕಾರಣ, ಆದರೆ ಎರಡೂ ಇಲ್ಲದೆ ಬರುವುದೂ ಉಂಟು.

ಪಾಸಿಟಿವ್ ಅಂದರೆ ಕೆಟ್ಟ ಸುದ್ದಿಯಲ್ಲ. 2010ರ ದೊಡ್ಡ ಅಧ್ಯಯನವೊಂದರಲ್ಲಿ, ಮೂರು ವರ್ಷದ ನಂತರ ಬದುಕಿದ್ದವರು ಎಚ್‌ಪಿವಿ ಇದ್ದವರಲ್ಲಿ ಸುಮಾರು 82%, ಇಲ್ಲದವರಲ್ಲಿ 57%. ಹಾಗಂತ ಚಿಕಿತ್ಸೆ ಕಡಿಮೆ ಮಾಡಿ ಅಂತ ಡಾಕ್ಟರನ್ನು ಒತ್ತಾಯಿಸಬೇಡಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಬದಲು, ಅಡ್ಡಪರಿಣಾಮ ಕಡಿಮೆ ಅಂದುಕೊಂಡ ಸೆಟುಕ್ಸಿಮ್ಯಾಬ್ ಔಷಧ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಬದುಕುಳಿದವರು ಕಡಿಮೆಯಾದರು.

ಮನೆಯವರಿಗೂ ಅಂಟುತ್ತಾ ಅಂತ ಕೊನೆಗೆ ಕೇಳಿದ್ದೀರಿ. ಗಂಟಲಿಗೆ ಈ ವೈರಸ್ ಬರುವುದು ಮುಖ್ಯವಾಗಿ ಬಾಯಿಯ ಮೂಲಕ ನಡೆಯುವ ಲೈಂಗಿಕ ಸಂಪರ್ಕದಿಂದ, ಅದೂ ಎಷ್ಟೋ ವರ್ಷಗಳ ಹಿಂದೆ ಬಂದಿದ್ದಿರಬಹುದು. ಯಾವಾಗ, ಯಾರಿಂದ ಅಂತ ಹೇಳಲು ಯಾವ ಟೆಸ್ಟೂ ಇಲ್ಲ. ಹಾಗಾಗಿ ಚಿಕ್ಕಪ್ಪನನ್ನೋ ಚಿಕ್ಕಮ್ಮನನ್ನೋ ಪ್ರಶ್ನೆ ಮಾಡಲು ಹೋಗಬೇಡಿ. ಜೊತೆಗೆ ಕೂತು ಊಟ ಮಾಡಿದರೆ ಕ್ಯಾನ್ಸರ್ ಅಂಟುವುದಿಲ್ಲ. ದಯವಿಟ್ಟು ಅವರಿಗೆ ಬೇರೆ ತಟ್ಟೆ-ಲೋಟ ಇಡಬೇಡಿ.